ಸರದಿಯ ಹಾಸಿಗೆ

ನನ್ನ ಮನೆಯ ಮಹಡಿಯಲ್ಲಿ ಹಾಸಿಗೆಗಳು ತಣ್ಣಗಾಗುವುದೇ ಇಲ್ಲ. ಒಬ್ಬ ಎದ್ದ ಕೂಡಲೇ ಇನ್ನೊಬ್ಬ ಬಂದು ಮಲಗುತ್ತಾನೆ. ಮಲಗುವವರು ಪೈಲಟ್‌ಗಳು.

ಹೀಗೆಂದರೆ ನೆಂಟರು ನಂಬುವುದಿಲ್ಲ. "ಪೈಲಟ್ ಅಂದ್ರೆ ದೊಡ್ಡ ಹೋಟೆಲಲ್ಲಿ ಇಳ್ಕೊಳ್ತಾರಲ್ವಾ?" ಎನ್ನುತ್ತಾರೆ. ಇಳಿದುಕೊಳ್ಳುತ್ತಾರೆ. ಅವರು ದೊಡ್ಡ ವಿಮಾನದವರು. ನಮ್ಮವರು ಸಣ್ಣ ವಿಮಾನದವರು. ಸಣ್ಣ ಊರಿನ ಜನರನ್ನು ದೊಡ್ಡ ಊರಿಗೆ ಒಯ್ದು ಇಳಿಸಿ, ಅಲ್ಲಿಂದ ಮತ್ತೆ ತುಂಬಿಕೊಂಡು ಬರುವವರು. ಅವರ ಸಂಬಳಕ್ಕೆ ತಲೆಗೆ ಅರ್ಧ ಹಾಸಿಗೆ ದಕ್ಕುತ್ತದೆ. ಹಗಲು ಒಬ್ಬನಿಗೆ, ರಾತ್ರಿ ಇನ್ನೊಬ್ಬನಿಗೆ.

ಮಹಡಿಗೆ ಒಂದು ಕಟ್ಟಳೆ ಇದೆ. ಅದನ್ನು ಮಾಡಿದವಳು ನಾನಲ್ಲ, ಅವರೇ. ಹೊದಿಕೆ ಅವರವರದು. ಏಳುವವನು ಪರದೆ ಎಳೆದು, ನೀರಿನ ಬಾಟಲಿ ತುಂಬಿಸಿ, ದಿಂಬನ್ನು ಮಗುಚಿಟ್ಟು ಹೋಗಬೇಕು. ಮಲಗಲು ಬರುವವನ ಕೆನ್ನೆಗೆ ತಣ್ಣಗಿನ ಮಗ್ಗುಲು ಸಿಗಲಿ ಎಂದು. ಮತ್ತೆ, ಸರದಿ ತಪ್ಪಿಸುವಂತಿಲ್ಲ. ಮಹಾರಾಜನೇ ಬಂದು ಮಲಗಿದ್ದರೂ ಎಬ್ಬಿಸಬೇಕು.

ಇವರ ವಿಮಾನದ ಮೇಲೆ ಬಳಿದಿರುವುದು ದೊಡ್ಡ ಕಂಪನಿಯ ಬಣ್ಣ, ದೊಡ್ಡ ಕಂಪನಿಯ ಹೆಸರು. ಇವರಿಗೆ ಸಂಬಳ ಕೊಡುವ ಸಣ್ಣ ಕಂಪನಿಯ ಹೆಸರು ಬಾಗಿಲ ಪಕ್ಕದಲ್ಲಿ, ಕನ್ನಡಕ ಹಾಕಿಕೊಂಡರೂ ನನಗೆ ಕಾಣದಷ್ಟು ಚಿಕ್ಕದಾಗಿದೆ. ವಿಮಾನ ಹೊತ್ತಿಗೆ ಸರಿಯಾಗಿ ಇಳಿದರೆ ಅದು ದೊಡ್ಡ ಕಂಪನಿಯದು. ತಡವಾದರೆ ಬಾಗಿಲ ಪಕ್ಕದ ಹೆಸರಿನದು.

ಸಂಬಳದ ಲೆಕ್ಕವೂ ಬಾಗಿಲಿನಿಂದಲೇ. ವಿಮಾನದ ಬಾಗಿಲು ಮುಚ್ಚಿದ ಮೇಲೆ ಕೂಲಿ ಶುರು, ತೆರೆದ ಕೂಡಲೇ ನಿಲುಗಡೆ. ಮಂಜು ಕವಿದು ಬೆಳಗೆಲ್ಲ ಕಾದರೆ ಅದು ಕೆಲಸವಲ್ಲ. ಕರೆ ಬಂದೀತೆಂದು ನಸುಕಿನಿಂದ ಸಮವಸ್ತ್ರ ಹಾಕಿಕೊಂಡು ಫೋನಿನ ಮುಂದೆ ಕೂತರೆ ಅದೂ ಕೆಲಸವಲ್ಲ. ಕಸ ಗುಡಿಸುವವರನ್ನು ಕಂಪನಿ ತೆಗೆದುಹಾಕಿದ ಮೇಲೆ ಪೈಲಟ್‌ಗಳೇ ಸೀಟಿನ ಸಂದಿಗೆ ಕೈ ಹಾಕಿ ಕಸ ತೆಗೆಯುತ್ತಾರೆ. ಯಾರದೋ ಮಗುವಿನ ವಾಂತಿ ಒರೆಸುತ್ತಾರೆ. ಆಗಲೂ ಬಾಗಿಲು ತೆರೆದೇ ಇರುತ್ತದೆ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದವಳು. ಬಾಗಿಲಿನ ಅರ್ಥಶಾಸ್ತ್ರವನ್ನು ಯಾವ ಮೇಷ್ಟರೂ ಕಲಿಸಿರಲಿಲ್ಲ. ಇದೇ ಲೆಕ್ಕ ನನ್ನ ಅಡುಗೆಮನೆಗೆ ಬಂದಿದ್ದರೆ, ತುತ್ತು ಬಾಯಿಗೆ ಹೋಗುವ ಗಳಿಗೆಯನ್ನಷ್ಟೇ ನನ್ನ ದುಡಿಮೆ ಎನ್ನಬೇಕಿತ್ತು. ಹಾಗೆ ನೋಡಿದರೆ ನನ್ನ ಯಜಮಾನರು ಬದುಕಿದ್ದ ತನಕ ಅದೇ ಲೆಕ್ಕ ಇಟ್ಟಿದ್ದರು. ಕಂಪನಿಯವರೇನೂ ಹೊಸದು ಕಂಡುಹಿಡಿದಿಲ್ಲ.

ಮಹಡಿಯವರಲ್ಲಿ ಎಲ್ಲರಿಗಿಂತ ಚಿಕ್ಕವಳು ಗಿಣಿ. ವಿಮಾನದಲ್ಲಿ ಪ್ರಯಾಣಿಕರಿಗೆ ಮೈಕಿನಲ್ಲಿ ಹೇಳುವುದನ್ನೆಲ್ಲ ಇವಳ ಬಾಯಿಂದಲೇ ಹೇಳಿಸುತ್ತಿದ್ದರಿಂದ ಆ ಹೆಸರು. ಎಲ್ಲರಿಗಿಂತ ಹಿರಿಯರು ದೊಡ್ಡಣ್ಣ. ಕ್ಯಾಪ್ಟನ್. ನಿವೃತ್ತಿ ಹತ್ತಿರವಿದೆ. ಅವರ ಹಾಸಿಗೆಯ ಇನ್ನರ್ಧ ವಕೀಲನದು. ಅವನು ಓದಿದ್ದು ಕಾನೂನಲ್ಲ. ಎಲ್ಲದಕ್ಕೂ ವಾದ ಹೂಡುತ್ತಾನೆಂದು ಹಾಗೆ ಕರೆಯುತ್ತಾರೆ.

ಒಂದು ದಿನ ಗಿಣಿ ದೊಡ್ಡ ಊರಿನ ವಿಮಾನ ನಿಲ್ದಾಣದಲ್ಲಿ, ದೊಡ್ಡ ಕಂಪನಿಯ ಪೈಲಟ್‌ಗಳ ವಿಶ್ರಾಂತಿ ಕೋಣೆಗೆ ಹೋಗಿ ಒರಗು ಕುರ್ಚಿಯಲ್ಲಿ ಕೂತಳಂತೆ. ನಮ್ಮವರಿಗೆ ಗೊತ್ತುಮಾಡಿರುವ ಜಾಗ ಕಳೆದುಹೋದ ಸೂಟ್‌ಕೇಸುಗಳ ಪಕ್ಕ. ಅಲ್ಲಿ ಕುರ್ಚಿಗಳಿಗೆ ಬೆನ್ನೇ ಇಲ್ಲ. ಇವಳ ಬೆನ್ನು ನೋಯುತ್ತಿತ್ತು, ಕೂತಳು. ದೊಡ್ಡ ಕಂಪನಿಯ ಪೈಲಟ್ ಒಬ್ಬರು ಬಂದರು. ಬಹಳ ಸಭ್ಯರು. "ನೀವು ಅಲ್ಲಿಯವರಲ್ಲವಾ?" ಎಂದರು. ಗಿಣಿ ಎದ್ದಳು. ಅವರು ಒರೆಸುವ ಹೆಂಗಸನ್ನು ಕರೆದು, ಗಿಣಿಯ ಎದುರಿಗೇ, ಆ ಕುರ್ಚಿ ಒರೆಸಲು ಹೇಳಿದರು.

ಆ ಹೆಂಗಸು ಒರೆಸಿದಳು. ಆಮೇಲೆ ಪಕ್ಕದ ಕುರ್ಚಿಯನ್ನೂ ಒರೆಸಿದಳು. ಅದರ ಪಕ್ಕದ್ದನ್ನೂ. ಸಾಲಿನ ಕುರ್ಚಿಗಳನ್ನೆಲ್ಲ, ಯಾರೂ ಕೂರದೆ ಥಳಥಳ ಹೊಳೆಯುತ್ತಿದ್ದವನ್ನೂ, ಬಿಡದೆ ಒರೆಸಿಬಿಟ್ಟಳು.

"ನನ್ನೊಬ್ಬಳ ಕುರ್ಚಿ ಅಂತ ಆಗಬಾರದು ಅಂತ ಅಜ್ಜಿ," ಎಂದಳು ಗಿಣಿ. ಒರೆಸಲು ಹೇಳಿದ್ದಕ್ಕೆ ಅವಳು ಅತ್ತಿರಲಿಲ್ಲ. ಇದನ್ನು ಹೇಳುವಾಗ ಅತ್ತಳು.

ಇನ್ನೊಂದು ಸಂಗತಿ. ಇವರಿಗೆ ಒಂದೇ ದಿನದಲ್ಲಿ ಊರಿಂದ ಊರಿಗೆ ಹಾರಿ ಹಾರಿ ಕೊನೆಗೆ ಯಾವ ಊರಿನಲ್ಲಿದ್ದೇವೆ ಎನ್ನುವುದೇ ಮರೆತುಹೋಗುತ್ತದೆ. ರನ್‌ವೇ ಎಲ್ಲ ಕಡೆಯೂ ಒಂದೇ ಥರ. ಹಾಗೊಂದು ದಿನ ವಿಮಾನ ಇಳಿಸಿ ಗಿಣಿ ಮೈಕಿನಲ್ಲಿ ಜನರನ್ನು ಸ್ವಾಗತಿಸಿದಳು. ಹೇಳಿದ್ದು ಹಿಂದಿನ ಊರಿನ ಹೆಸರು. ಜನ ನಕ್ಕರು. ಒಬ್ಬರು ದೂರು ಬರೆದರು.

ಹೆಡ್ಡಾಫೀಸಿನಲ್ಲಿ ಸಿಬ್ಬಂದಿಯನ್ನು ನೋಡಿಕೊಳ್ಳುವ ಮ್ಯಾನೇಜರ್ ಒಬ್ಬರಿದ್ದಾರೆ. ಬಂದಾಗಲೆಲ್ಲ ಸಿಹಿ ತರುತ್ತಾರೆ, ಸಂಬಂಧ ಹೇಳುತ್ತಾರೆ, ತಗ್ಗಿ ನಡೆಯಬೇಕಾದವರು ಮಾತ್ರ ನಾವು. ಅದಕ್ಕೇ ಮಹಡಿಯವರು ಅವರಿಗೆ ಬೀಗರು ಎಂದು ಹೆಸರಿಟ್ಟಿದ್ದಾರೆ. ಬೀಗರು ಗಿಣಿಗೆ ಶಿಕ್ಷೆ ಕೊಡಲಿಲ್ಲ. "ಕುಟುಂಬದಲ್ಲಿ ಶಿಕ್ಷೆ ಇರಲ್ಲ, ತಿದ್ದೋದು ಇರುತ್ತೆ," ಎಂದರು. ಪ್ರತಿ ಬೆಳಿಗ್ಗೆ ಟಿಕೆಟ್ ಕೌಂಟರಿನ ಹುಡುಗಿ ತನ್ನ ಫೋನು ಹಿಡಿದು ನಿಲ್ಲಬೇಕು. ಫೋನಿನ ಪರದೆಯಲ್ಲಿ ಬೀಗರು. ಎದುರಿಗೆ ಸಮವಸ್ತ್ರದಲ್ಲಿ ಗಿಣಿ. ಹಿಂದೆ ಪ್ರಯಾಣಿಕರ ಸಾಲು.

"ಇವತ್ತು ನಾವು ಯಾವ ಊರಲ್ಲಿದ್ದೀವಿ, ಹೇಳಮ್ಮ?"

ಗಿಣಿ ಹೇಳಬೇಕು.

"ಜೋರಾಗಿ ಹೇಳಮ್ಮ."

ಕೌಂಟರಿನ ಹುಡುಗಿ ಮೊದಲ ದಿನವೇ ಫೋನಿನ ಧ್ವನಿಯನ್ನು ಆದಷ್ಟು ತಗ್ಗಿಸಿಬಿಟ್ಟಳಂತೆ. ಹಿಂದಿನವರಿಗೆ ಕೇಳದಿರಲಿ ಎಂದು. ಆಮೇಲೆ ಸಿಗ್ನಲ್ ಸರಿಯಿಲ್ಲವೆಂದು ಸುಳ್ಳು ಹೇಳಿ ಆ ಕರೆಯನ್ನೇ ನಿಲ್ಲಿಸಿದಳು.

ಗಿಣಿ ಬೀಗರಿಗೆ ಒಂದೇ ಒಂದು ಸಲ ಹೇಳಿದ್ದಳು, "ಸರ್, ತುಂಬ ದಣಿದಿದ್ದೆ" ಎಂದು. ಬೀಗರು ನಕ್ಕರಂತೆ. "ದಣಿವು ಅನ್ನೋದು ಬರೀ ಮಾತಮ್ಮ. ಫಿಟ್ ಅನ್ನೋದು ಮನೋಭಾವ."

ಹಾರುವ ಮೊದಲು ಪ್ರತಿ ಪೈಲಟ್ "ಫಿಟ್ ಇದ್ದೀನಿ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ವಿಮಾನ ಏಳುವಂತಿಲ್ಲ. ಅದು ಕಾನೂನು. ದಣಿದವರು "ದಣಿದಿದ್ದೀನಿ" ಎನ್ನಬಹುದು. ಅದೂ ಕಾನೂನೇ. ಆದರೆ ಹಾಗೆಂದವರನ್ನು ಕಂಪನಿ ಹೆಡ್ಡಾಫೀಸಿಗೆ ಕರೆಸಿ ಮನೋಭಾವ ಸರಿಮಾಡಿ ಕಳಿಸುತ್ತದೆ. ಸರಿಯಾಗಿ ಬಂದವರ ಮುಖ ನಾನು ನೋಡಿದ್ದೇನೆ. ಅದಕ್ಕೇ ನಮ್ಮ ಮಹಡಿಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡೇ ಹತ್ತುತ್ತಿದ್ದರು, ಕೇಳಿದರೆ "ಫಿಟ್ ಇದ್ದೀನಿ ಅಜ್ಜಿ" ಎನ್ನುತ್ತಿದ್ದರು.

ಈ ವರ್ಷ ಅವರ ಒಪ್ಪಂದ ಮುಗಿಯುತ್ತಿತ್ತು. ಹೊಸ ಒಪ್ಪಂದದ ಮಾತುಕತೆ ಎಳೆದೂ ಎಳೆದೂ ಹಿಂಜಿಹೋಗಿತ್ತು. ಕಂಪನಿ ಒಂದು ಉಪಾಯ ಮಾಡಿತು. ಹೊಸದು ಯಾಕೆ? ಹಳೆಯದನ್ನೇ ಇನ್ನು ನಾಲ್ಕು ವರ್ಷ ಮುಂದುವರಿಸೋಣ. ಬಾಗಿಲು ಇದ್ದ ಹಾಗೆ, ಕಾಯುವುದು ಇದ್ದ ಹಾಗೆ. ಮೂಗಿಗೆ ತುಪ್ಪ ಸವರಿದಂತೆ ಸಂಬಳ ಚೂರು ಹೆಚ್ಚು. ಒಪ್ಪಿದರೆ, ಕಾಯುವವರ ಸಾಲಿನಲ್ಲಿ ಮುಂದಿರುವವರಿಗೆ ದೊಡ್ಡ ಕಂಪನಿಯಲ್ಲಿ ಕೆಲಸ. ಆ ಸಾಲಿನ ಮೊದಲಲ್ಲೇ ನಿಂತಿದ್ದವಳು ಗಿಣಿ.

ಒಪ್ಪುವುದೋ ಬಿಡುವುದೋ ಪೈಲಟ್‌ಗಳೇ ಮತ ಹಾಕಿ ಹೇಳಬೇಕು. ಉಳಿದ ಊರುಗಳ ಪೈಲಟ್‌ಗಳ ಮತ ಅರ್ಧಕ್ಕರ್ಧ ಒಡೆದಿತ್ತು. ಉಳಿದದ್ದು ನಮ್ಮ ಊರು. ಇಲ್ಲಿಯವರು ದೊಡ್ಡಣ್ಣ ಹೇಗೋ ಹಾಗೆ. ದೊಡ್ಡಣ್ಣ ಒಪ್ಪುವವರಿದ್ದರು.

ಬೀಗರು ತಾವೇ ಬಂದು ಮಾತಾಡುವುದೆಂದಾಯಿತು. ಸಭೆ ನಮ್ಮ ಮನೆಯ ಹಜಾರದಲ್ಲಿ. ಆಫೀಸಿನಲ್ಲಿ ಮಾಡಿದರೆ ಅದು ಕೆಲಸದ ಹೊತ್ತಾಗಿಬಿಡುತ್ತದೆ, ಕೂಲಿ ಕೊಡಬೇಕಾಗುತ್ತದೆ. ಮನೆಯಲ್ಲಾದರೆ ನೆಂಟರು ಬಂದು ಹೋದ ಹಾಗೆ.

ಆ ದಿನ ನಸುಕಿನಿಂದ ಗಿಣಿ ಸಮವಸ್ತ್ರದಲ್ಲಿ ಫೋನಿನ ಮುಂದೆ ಕೂತಿದ್ದಳು. ಅವಳ ಹಾಸಿಗೆಯಲ್ಲಿ ಇನ್ನೊಬ್ಬ ಹುಡುಗಿ ಮಲಗಿದ್ದಳು. ದೊಡ್ಡಣ್ಣ ರಾತ್ರಿಯೆಲ್ಲ ಹಾರಿ ಬಂದವರು, ಬೀಗರು ಬರುತ್ತಾರೆಂದು ಸರದಿ ಮುಗಿಯುವ ಮೊದಲೇ ಎದ್ದು ಗಡ್ಡ ಹೆರೆದುಕೊಂಡು ಕೆಳಗೆ ಬಂದರು. ಸಂಜೆಯ ವಿಮಾನ ಇವರಿಬ್ಬರದು. ನಾನು ಚಹಾ ಕೊಟ್ಟೆ.

"ಒಪ್ಪಿಬಿಡೋಣ ಗಿಣಿ," ಎಂದರು ದೊಡ್ಡಣ್ಣ. "ನನಗಂತೂ ಏನೂ ಆಗಬೇಕಾಗಿಲ್ಲ. ನೀನು ಅಲ್ಲಿಗೆ ಹೋಗು. ಆ ಕುರ್ಚೀಲಿ ನೀನೇ ಕೂತ್ಕೋ, ಯಾವನು ಎಬ್ಬಿಸ್ತಾನೆ ನೋಡೋಣ."

"ನಾನು ಕೂತ ಮೇಲೆ ಇನ್ನೊಬ್ಬಳನ್ನ ಎಬ್ಬಿಸ್ತಾರಲ್ಲ?"

"ನೀನು ಅಡ್ಡ ಬಾ."

"ಅಲ್ಲಿಗೆ ಹೋದ ಮೇಲೆ ಬಾಯಿ ಬರುತ್ತಾ ದೊಡ್ಡಣ್ಣ? ಅವತ್ತು ಕುರ್ಚಿ ಒರೆಸೋಕೆ ಹೇಳಿದ್ರಲ್ಲ, ಅವರೂ ಮೊದಲು ನಮ್ಮ ವಿಮಾನದಲ್ಲೇ ಇದ್ದೋರಂತೆ. ಇಂಥದೇ ಯಾವುದೋ ಮಹಡೀಲಿ ಮಲಗ್ತಿದ್ರಂತೆ."

ದೊಡ್ಡಣ್ಣ ಚಹಾ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತರು. "ನಿನಗೆ ಆಸೆ ಇಲ್ವೇನೇ?"

"ಇದೆ. ಇಲ್ಲದೆ ಏನು? ಆಸೆ ಇಲ್ಲದಿದ್ರೆ ಯಾವತ್ತೋ ಇಲ್ಲ ಅಂದಿರ್ತಿದ್ದೆ."

ಬೀಗರು ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಕೈಯಲ್ಲಿ ಕೇಕಿನ ಡಬ್ಬಿ, ಅದರ ಮೇಲೆ ಬಣ್ಣದ ಸಕ್ಕರೆಯಲ್ಲಿ 'ನಾವೆಲ್ಲ ಒಂದೇ ಕುಟುಂಬ'. 'ಕುಟುಂಬ' ಡಬ್ಬಿಯ ಮುಚ್ಚಳಕ್ಕೆ ಮೆತ್ತಿಕೊಂಡಿತ್ತು. ಮನುಷ್ಯ ಜೋಲಿ ಹೊಡೆಯುತ್ತಿದ್ದರು. ಬೆಳಿಗ್ಗೆ ನಮ್ಮ ವಿಮಾನದಲ್ಲೇ ಹೊರಟಿದ್ದಾರೆ, ಮಂಜು ಕವಿದಿದೆ.

"ಅರ್ಧ ದಿನ ಕೂರಿಸಿಬಿಟ್ರು ಅಮ್ಮ, ವಿಮಾನದ ಒಳಗೇ. ಸೊಂಟ ಹೋಯ್ತು."

"ಬಾಗಿಲು ಮುಚ್ಚಿತ್ತಾ ಸರ್?" ಎಂದಳು ಗಿಣಿ.

"ಇಲ್ಲಮ್ಮ, ತೆರೆದೇ ಇತ್ತು. ಬರೀ ಚಳಿ."

"ಹಾಗಾದ್ರೆ ನೀವು ಕೂತೇ ಇಲ್ಲ ಬಿಡಿ."

ಬೀಗರಿಗೆ ತಿಳಿಯಲಿಲ್ಲ. ದೊಡ್ಡಣ್ಣ ಕೆಮ್ಮಿದರು. "ಸ್ವಲ್ಪ ಬೆನ್ನು ಚಾಚ್ತೀನಿ, ಎಲ್ಲರೂ ಸೇರಲಿ," ಎನ್ನುತ್ತ ಬೀಗರು ಮಹಡಿ ಹತ್ತಿ, ಕಂಡ ಮೊದಲ ಖಾಲಿ ಹಾಸಿಗೆಯಲ್ಲಿ ಬಿದ್ದುಕೊಂಡರು. ದೊಡ್ಡಣ್ಣ ಬಿಟ್ಟೆದ್ದ ಹಾಸಿಗೆ. ಕೆಳಗಿನವರೆಗೂ ಗೊರಕೆ ಕೇಳಿಸಿತು.

ವಕೀಲ ಬಂದದ್ದು ಆಮೇಲೆ. ಅದೇ ವಿಮಾನವನ್ನು ಹಾರಿಸಿಕೊಂಡು ಬಂದವನು ಅವನು. ಅದೇ ಮಂಜಿನಲ್ಲಿ, ಅದೇ ತೆರೆದ ಬಾಗಿಲಲ್ಲಿ ಕೂತವನು. ಎಲ್ಲರೂ ಇಳಿದ ಮೇಲೆ ಸೀಟುಗಳ ಕೆಳಗೆ ಮಂಡಿಯೂರಿ ವಾಂತಿ ತೊಳೆದು ಬಂದಿದ್ದ. ಅಂಗಿಯ ತೋಳು ಒದ್ದೆ, ಮುಖ ಬೂದಿ ಬಣ್ಣ. ಮೇಲೆ ಹೋದವನು ಹಾಗೇ ತಿರುಗಿ ಬಂದ.

"ಅಜ್ಜಿ, ನನ್ನ ಹಾಸಿಗೇಲಿ ಬೀಗರಿದ್ದಾರೆ."

"ಅತಿಥಿ ಕಣಪ್ಪ," ಎಂದರು ದೊಡ್ಡಣ್ಣ. "ಈ ಒಂದು ಸಲ."

ಯಾವಾಗಲೂ ವಾದ ಮಾಡುವವನು ಆ ದಿನ ಮಾಡಲಿಲ್ಲ. ಮೆಟ್ಟಿಲು ಹತ್ತಿ, ಕೋಣೆಯ ಹೊರಗೆ ಬರಿ ನೆಲದ ಮೇಲೆ ಚೀಲವನ್ನೇ ತಲೆಗಿಟ್ಟುಕೊಂಡು ಮಲಗಿದ. ಗಿಣಿ ಅರ್ಧ ಮೆಟ್ಟಿಲು ಹತ್ತಿ ನಿಂತು ನೋಡಿದಳು. ಅವನು ವಾದ ಮಾಡಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಅವನ ಒದ್ದೆ ತೋಳು ನೆಲದ ಮೇಲೆ ಕಪ್ಪಗೆ ಗುರುತು ಬಿಡುತ್ತಿತ್ತು.

ಅವಳು ಮೇಲೆ ಹೋದಳು. ನಾನೂ ಹಿಂದೆ ಹೋದೆ. ಏದುಸಿರು ಬಿಡುತ್ತ ದೊಡ್ಡಣ್ಣನೂ ಬಂದರು.

"ಸರ್, ಏಳಿ. ಇದು ವಕೀಲನ ಸರದಿ."

ಬೀಗರು ಅಲುಗಲಿಲ್ಲ. ಗಿಣಿ ಮಂಚವನ್ನು ತಟ್ಟಿದಳು. ಬೀಗರು ಧಡಕ್ಕನೆ ಎದ್ದು ಕೂತು, ಕೈಗಳಿಂದ ಸೊಂಟದ ಸುತ್ತ ಸೀಟಿನ ಬೆಲ್ಟು ತಡಕಾಡಿದರು. "ಬಂತಾ? ಇಳಿಯೋದಾ?"

ಗಿಣಿ ಕೈ ಕಟ್ಟಿಕೊಂಡು ನಿಂತಳು.

"ಇವತ್ತು ನಾವು ಯಾವ ಊರಲ್ಲಿದ್ದೀವಿ, ಹೇಳಿ ಸರ್?"

ಬೀಗರು ಸೂರು ನೋಡಿದರು. ಪರದೆ ನೋಡಿದರು. ನನ್ನ ಮುಖ ನೋಡಿದರು, ಅದರ ಮೇಲೆ ಬರೆದಿದೆಯೇನೋ ಎಂಬಂತೆ. ಕೊನೆಗೆ ಹೆಡ್ಡಾಫೀಸಿನ ಊರಿನ ಹೆಸರು ಹೇಳಿದರು.

ಹೊರಗೆ ನೆಲದ ಮೇಲಿಂದ ವಕೀಲ, ಕಣ್ಣು ಬಿಡದೆ, "ತಪ್ಪು. ಜೋರಾಗಿ ಬೇರೆ ಹೇಳಲಿಲ್ಲ," ಎಂದ.

ಬೀಗರಿಗೆ ಎಲ್ಲಿದ್ದೇನೆಂದು ತಿಳಿಯಿತು. ಮುಖ ಕೆಂಪಾಯಿತು. "ಏನಮ್ಮ ಇದು ತಮಾಷೆ? ಈಗಷ್ಟೇ ಕಣ್ಣು ಹತ್ತಿತ್ತು. ಬೆಳಗಿನಿಂದ ಕೂತು ಕೂತು ಸತ್ತುಹೋಗಿದ್ದೀನಿ. ಮನುಷ್ಯ ದಣಿದಿರ್ತಾನೆ ಅನ್ನೋದು ಗೊತ್ತಾಗಲ್ವಾ ನಿಮಗೆ?"

ನಮ್ಮ ಮಹಡಿಯಲ್ಲಿ ಆ ಮಾತನ್ನು ಮೊದಲು ಆಡಿದವರು ಅವರೇ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ದೊಡ್ಡಣ್ಣ ಬೀಗರನ್ನೇ ನೋಡುತ್ತಿದ್ದರು.

"ದಣಿವು ಬರೀ ಮಾತು ಸರ್," ಎಂದಳು ಗಿಣಿ.

ಬೀಗರು ಶೂ ಹುಡುಕಿಕೊಂಡು ಇಳಿದು ಹೋದರು. ದಿಂಬು ಮಗುಚಲಿಲ್ಲ. ಗಿಣಿ ಮಗುಚಿದಳು. ವಕೀಲನನ್ನು ತೋಳು ಹಿಡಿದು ಎಬ್ಬಿಸಿ ಮಂಚಕ್ಕೆ ನೂಕಿದೆವು. "ಮತ ಹಾಕೋವಾಗ ಎಬ್ಬಿಸಬೇಡಿ," ಎಂದು ಗೊಣಗಿದ. "ನಂದು ಬೇಡ ಅಂತ. ನಿದ್ದೇಲೂ ಬೇಡ ಅಂತಲೇ."

ಕೆಳಗೆ ಹಜಾರದಲ್ಲಿ ಪೈಲಟ್‌ಗಳು ಸೇರಿದ್ದರು. ಕೆಲವರು ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದರು. ಬೀಗರು ಮುಖ ತೊಳೆದು ಬಂದು ಭಾಷಣ ಶುರುಮಾಡಿದರು. ಕುಟುಂಬ ಎಂದರು. ಕಷ್ಟಸುಖ ಎಂದರು. ಇನ್ನು ನಾಲ್ಕೇ ವರ್ಷ ಎಂದರು. ಗಿಣಿಯನ್ನು ತೋರಿಸಿ, "ಈ ನಮ್ಮ ಮನೆಮಗಳನ್ನ ದೊಡ್ಡ ಮನೆಗೆ ಸೇರಿಸೋ ಸಂತೋಷ ನನಗೆ ಕೊಡಿ," ಎಂದರು. ಆಮೇಲೆ ದನಿ ತಗ್ಗಿಸಿ, "ಹಟ ಮಾಡಿದ್ರೆ ಸಾಲಲ್ಲಿ ಹೆಸರು ಎಲ್ಲಿಗೆ ಜಾರುತ್ತೋ ನನ್ನ ಕೈಲಿಲ್ಲ," ಎಂದೂ ಸೇರಿಸಿದರು.

ಅಷ್ಟರಲ್ಲಿ ದೊಡ್ಡಣ್ಣನಿಗೆ ಫೋನು ಬಂತು. ಕೌಂಟರಿನ ಹುಡುಗಿ. ಸಂಜೆಯ ವಿಮಾನಕ್ಕೆ ಹೊತ್ತಾಗಿದೆ, ಇಬ್ಬರೂ ಫಿಟ್ ಅಂತ ಹೇಳಬೇಕು. ದೊಡ್ಡಣ್ಣ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಬೇಗ ಹೇಳಿ ಹೊರಡಿ," ಎಂದರು ಬೀಗರು. "ನಾನೂ ಅದರಲ್ಲೇ ಹೋಗಬೇಕು. ನಾಳೆ ಬೆಳಿಗ್ಗೆ ದೊಡ್ಡ ಕಂಪನಿಯವರಿಗೆ ಉತ್ತರ ಕೊಡಬೇಕು."

ಗಿಣಿ ಫೋನಿನ ಕಡೆ ಬಾಗಿದಳು. ಕುರ್ಚಿ, ಸಾಲು, ದೊಡ್ಡ ವಿಮಾನ, ಎಲ್ಲ ಆ ಒಂದು ಮಾತಿನ ಆಚೆಗಿತ್ತು.

"ಅಕ್ಕ, ನಾನು ದಣಿದಿದ್ದೀನಿ," ಎಂದಳು. "ಇವತ್ತು ಹಾರಲ್ಲ."

ಆ ಕಡೆಯಿಂದ ಹುಡುಗಿ ಮೆಲ್ಲಗೆ, "ಸರಿ ಕಣೇ. ಬರ್ಕೊಂಡೆ," ಎಂದಳು.

ಬೀಗರು ಎದ್ದು ನಿಂತರು. "ಏನು ಹೇಳ್ತಿದ್ದೀಯ ಗೊತ್ತಾ ನಿನಗೆ?"

"ಗೊತ್ತು ಸರ್. ನಾನು ಈಗ ಫಿಟ್ ಅಂತೀನಿ ಅಂತಲೇ ಇಟ್ಕೊಳ್ಳಿ. ನಸುಕಿನಿಂದ ಕಣ್ಣು ಮುಚ್ಚಿಲ್ಲ. ನಾನು ಹಾರಿಸೋ ವಿಮಾನದಲ್ಲಿ ನೀವು ಕೂರ್ತೀರಾ?"

ಬೀಗರು ಬಾಯಿ ತೆರೆದರು. ಯಾವ ಊರೆಂದು ಕೇಳಿದಾಗ ನೋಡಿದ ಹಾಗೆಯೇ ಸೂರು ನೋಡಿದರು. ಹಜಾರದಲ್ಲಿದ್ದ ಪೈಲಟ್‌ಗಳೆಲ್ಲ ಕಾದರು. ತೂಕಡಿಸುತ್ತಿದ್ದವರೂ ಎದ್ದು ಕೂತು ಕಾದರು.

"ದೊಡ್ಡಣ್ಣ, ನೀವು?" ಎಂದಿತು ಫೋನು.

ದೊಡ್ಡಣ್ಣ ಬದುಕಿಡೀ ಫಿಟ್ ಎಂದವರು. ಜ್ವರ ಬಂದಾಗಲೂ, ಹೆಂಡತಿ ತೀರಿಕೊಂಡ ವಾರವೂ. ಅವರು ಟೋಪಿ ತೆಗೆದು ಫೋನಿನ ಪಕ್ಕ ಇಟ್ಟರು.

"ದಣಿದಿದ್ದೀನಿ ತಾಯಿ," ಎಂದರು. "ತುಂಬ ವರ್ಷ ಆಯ್ತು."

ಅದೇ ಮತವಾಯಿತು. ಬೇರೆ ಕೈ ಎತ್ತುವ ಅಗತ್ಯ ಬೀಳಲಿಲ್ಲ. ಆದರೂ ಎತ್ತಿದರು. ಮುಂದುವರಿಕೆ ಬೇಡ ಎಂದು, ಗೋಡೆಗೆ ಒರಗಿದ್ದವರೆಲ್ಲ.

ಸಂಜೆಯ ಪ್ರಯಾಣಿಕರಿಗೆ ತೊಂದರೆಯಾಯಿತು, ಸುಳ್ಳು ಹೇಳುವುದಿಲ್ಲ. ಒಬ್ಬರು ಕೌಂಟರಿನ ಹುಡುಗಿಯನ್ನು ಬಾಯಿಗೆ ಬಂದಂತೆ ಬೈಯುವುದು ಮೇಜಿನ ಮೇಲಿನ ಫೋನಿನಿಂದ ನಮಗೂ ಕೇಳಿಸಿತು. ಗಿಣಿ ತಲೆ ತಗ್ಗಿಸಿ ಅದನ್ನೂ ಕೇಳಿದಳು.

ಬೀಗರಿಗೆ ಹೋಗಲು ವಿಮಾನವಿಲ್ಲ. ಮಲಗಲು ಹಾಸಿಗೆಯಿಲ್ಲ, ಎಲ್ಲದರಲ್ಲೂ ಸರದಿಯವರಿದ್ದರು. ಹಜಾರದಲ್ಲಿ ನನ್ನ ಒರಗು ಕುರ್ಚಿ ಕೊಟ್ಟೆ. ಬೆಳಗಿನಿಂದ ಹೊಟ್ಟೆಗೆ ಬಿದ್ದಿಲ್ಲವೆಂದು ಮುಖ ಹೇಳುತ್ತಿತ್ತು. ಅವರದೇ ಕೇಕಿನ ತುಂಡು ತಟ್ಟೆಯಲ್ಲಿಟ್ಟು ಕೊಟ್ಟವಳು ಗಿಣಿ. 'ನಾವೆಲ್ಲ' ಎಂಬ ಕಡೆಯಿಂದ ಕತ್ತರಿಸಿದ್ದಳು. ಹೊದಿಯಲು ತನ್ನ ಹೊದಿಕೆಯನ್ನೂ ತಂದಿಟ್ಟಳು.

"ಅವರಿಗೆ ಯಾಕೇ ಕೊಡ್ತೀಯ?" ಎಂದರು ಯಾರೋ.

"ದಣಿದಿದ್ದಾರಲ್ಲ," ಎಂದಳು. ಕೊಂಕೋ, ನಿಜವೋ, ನನಗೆ ತಿಳಿಯಲಿಲ್ಲ. ಎರಡೂ ಇರಬಹುದು.

ಬೆಳಿಗ್ಗೆ ಬೀಗರು ಬಾಡಿಗೆ ಕಾರು ಮಾಡಿಕೊಂಡು ಹೊರಟರು. ಹೋಗುವಾಗ ಯಾರ ಮುಖವನ್ನೂ ನೋಡಲಿಲ್ಲ. ಹೊದಿಕೆಯನ್ನು ಮಾತ್ರ ಮಡಿಸಿಟ್ಟಿದ್ದರು. ಕಾರು ಬೀದಿಯ ತಿರುವು ದಾಟುವ ಮೊದಲೇ ಗಿಣಿಯ ಫೋನಿಗೆ ಸಂದೇಶ ಬಂತು. 'ಪ್ರೀತಿಯ ಕುಟುಂಬದವರೇ' ಎಂದು ಶುರುವಾಗಿತ್ತು. ಸಾಲಿನಲ್ಲಿ ಅವಳ ಹೆಸರು ಕೊನೆಗೆ ಹೋಗಿತ್ತು. ಮನೋಭಾವ ಸರಿಪಡಿಸಿಕೊಳ್ಳಲು ಹೆಡ್ಡಾಫೀಸಿಗೆ ಬರಬೇಕಂತೆ.

"ಒಬ್ಬಳೇ ಹೋಗಬೇಡ," ಎಂದರು ದೊಡ್ಡಣ್ಣ. "ಎಲ್ಲರದೂ ಸರಿಮಾಡಲಿ. ಒಟ್ಟಿಗೇ ಹೋಗೋಣ."

ನಾನು ಹಜಾರ ಸರಿಮಾಡಲು ಬಟ್ಟೆ ಎತ್ತಿಕೊಂಡೆ. ದಿನವೂ ಬೆಳಿಗ್ಗೆ ಕುರ್ಚಿ ಒರೆಸುವುದು ನನ್ನ ಅಭ್ಯಾಸ. ಗಿಣಿ ನನ್ನ ಕೈ ಹಿಡಿದಳು.

"ಬೇಡ ಅಜ್ಜಿ. ಇವತ್ತು ಒರೆಸಬೇಡಿ."

ಬೀಗರು ಎದ್ದು ಹೋದ ಕುರ್ಚಿಯಲ್ಲಿ ಅವಳೇ ಕೂತಳು. ಶೂ ಬಿಚ್ಚಿದಳು. ಕಾಲು ಚಾಚಿ, ತಲೆ ಹಿಂದಕ್ಕೆ ಒರಗಿಸಿದಳು.

"ಇನ್ನೂ ಬೆಚ್ಚಗಿದೆ," ಎಂದು ಕಣ್ಣು ಮುಚ್ಚಿದಳು.